ಮೆಮೆಂಟೋ ಹೀರೊ ಆಮೇಲೆ ಎಲ್ಲಿ ಹೋದರು?

ಓದುಗರ ಪ್ರಶ್ನೆ: ‘ಗಜಿನಿ’ಗೆ ಇದೇ ಸ್ಫೂರ್ತಿ ಅಂತ ಕೇಳಿ ‘ಮೆಮೆಂಟೋ’ ನೋಡಿದೆ. ಗೈ ಪಿಯರ್ಸ್ ನಟನೆ ತುಂಬಾ ಹಿಡಿಸಿತು. ಇಂಥವರು ಯಾಕೆ ದೊಡ್ಡ ಸ್ಟಾರ್ ಆಗಲಿಲ್ಲ?

ಉತ್ತರ: ಅವರನ್ನು ನೀವು ಆಮೇಲೂ ನೋಡಿರುತ್ತೀರಿ, ಗುರುತು ಸಿಕ್ಕಿರಲ್ಲ ಅಷ್ಟೇ.

‘ದಿ ಹರ್ಟ್ ಲಾಕರ್’ ಶುರುವಾಗುವುದು ಬಾಗ್ದಾದಿನ ಬೀದಿಯಲ್ಲಿ. ಬಾಂಬ್ ಹತ್ತಿರ ಕಳಿಸಿದ ಪುಟ್ಟ ಗಾಡಿಯ ಚಕ್ರ ಕಳಚಿಕೊಳ್ಳುತ್ತದೆ. ಬಾಂಬ್‌ನಿಂದ ಕಾಪಾಡುವ ದಪ್ಪ ಸೂಟು ತೊಟ್ಟ ಸೈನಿಕ ತಾನೇ ನಡೆದು ಹೋಗುತ್ತಾನೆ. ಮಾಂಸದಂಗಡಿಯ ಬಳಿ ಒಬ್ಬ ಮೊಬೈಲ್ ಒತ್ತುತ್ತಾನೆ, ಬಾಂಬ್ ಸಿಡಿಯುತ್ತದೆ. ಆ ಭಾರ ಹೊತ್ತು ಓಡಲಾಗದೆ ಸೈನಿಕ ಸಾಯುತ್ತಾನೆ. ಅವರೇ ಪಿಯರ್ಸ್! ಆ ಚಿತ್ರಕ್ಕೆ 2010ರಲ್ಲಿ ಅತ್ಯುತ್ತಮ ಚಿತ್ರದ ಆಸ್ಕರ್ ಬಂತು. ಮರುವರ್ಷ ಅದೇ ಪ್ರಶಸ್ತಿ ‘ದಿ ಕಿಂಗ್ಸ್ ಸ್ಪೀಚ್’ಗೆ. ಅಲ್ಲಿ ಸಿಂಹಾಸನ ಬಿಟ್ಟು ಹೋಗುವ ಬ್ರಿಟನ್ ದೊರೆ ಎಂಟನೇ ಎಡ್ವರ್ಡ್ ಕೂಡ ಇವರೇ.

ಹುಟ್ಟಿದ್ದು 1967ರಲ್ಲಿ ಇಂಗ್ಲೆಂಡಿನಲ್ಲಿ, ಬೆಳೆದದ್ದು ಮೆಲ್ಬರ್ನ್ ಹತ್ತಿರದ ಜೀಲಾಂಗ್‌ನಲ್ಲಿ. 1986ರಲ್ಲಿ ‘ನೇಬರ್ಸ್’ ಎಂಬ ಟಿ.ವಿ. ಧಾರಾವಾಹಿ ಸೇರಿದರು. ಇಂಥ ಧಾರಾವಾಹಿಗಳೇ ಆಸ್ಟ್ರೇಲಿಯಾ ನಟರ ಗರಡಿಮನೆ. ಪಾಪ್ ಗಾಯಕಿ ಕೈಲಿ ಮಿನೋಗ್ ಕೂಡ ಅಲ್ಲಿಂದಲೇ ಬಂದವರು. ಮನೆಮನೆಗೂ ಗೊತ್ತಿದ್ದ ಆ ‘ಒಳ್ಳೆ ಹುಡುಗ’ನ ಮುಖವನ್ನು 1994ರ ‘ಪ್ರಿಸಿಲ್ಲಾ’ ಚಿತ್ರ ಅಳಿಸಿಹಾಕಿತು. ಹೆಣ್ಣುವೇಷದ ಕಲಾವಿದನ ಪಾತ್ರ. ಮರುಭೂಮಿಯಲ್ಲಿ ಓಡುವ ಬಸ್ಸಿನ ನೆತ್ತಿಯ ಮೇಲೆ, ಭಾರೀ ಹೈಹೀಲ್ ಚಪ್ಪಲಿಯೊಂದರಲ್ಲಿ ಕೂತು, ಬೆಳ್ಳಿಬಣ್ಣದ ಬಟ್ಟೆ ಹಾರಿಸುತ್ತಾ ಒಪೆರಾಗೆ ತುಟಿ ಆಡಿಸುವ ದೃಶ್ಯ ನೋಡಲೇಬೇಕು. 1997ರಲ್ಲಿ ‘ಎಲ್.ಎ. ಕಾನ್ಫಿಡೆನ್ಷಿಯಲ್’, 2000ದಲ್ಲಿ ‘ಮೆಮೆಂಟೋ’.

ಇನ್ನು ನಿಮ್ಮ ‘ಯಾಕೆ’ಗೆ ಬರೋಣ. ಹಾಲಿವುಡ್ ಅವರನ್ನು ಹೀರೊ ಮಾಡಲು ನೋಡಿತ್ತು. 2002ರ ‘ದಿ ಟೈಮ್ ಮಷೀನ್’ ದೊಡ್ಡ ಬಜೆಟ್ಟಿನ ಚಿತ್ರ. ವಿಮರ್ಶಕರು ಒಪ್ಪಲಿಲ್ಲ, ಪಿಯರ್ಸ್‌ಗೂ ಸಾಕಾಗಿತ್ತು. ಸ್ವಲ್ಪ ಕಾಲ ನಟನೆಯನ್ನೇ ಪಕ್ಕಕ್ಕಿಟ್ಟರು. ಆಮೇಲೆ ಆಸ್ಟ್ರೇಲಿಯಾದಲ್ಲೇ ‘ದಿ ಪ್ರೊಪೊಸಿಷನ್’, ‘ಅನಿಮಲ್ ಕಿಂಗ್‌ಡಮ್’ ಮಾಡಿದರು. 2011ರಲ್ಲಿ ಅಮೆರಿಕದ ಕಿರುಸರಣಿ ‘ಮಿಲ್ಡ್ರೆಡ್ ಪಿಯರ್ಸ್’ನ ನಟನೆಗೆ ಅವರಿಗೆ ಟಿ.ವಿ.ಯ ದೊಡ್ಡ ಪ್ರಶಸ್ತಿ ಎಮ್ಮಿ ಬಂತು. ಹೆಸರಲ್ಲಿರುವ ಪಿಯರ್ಸ್‌ಗೂ ಇವರಿಗೂ ಸಂಬಂಧ ಇಲ್ಲ, ಸುಮ್ನೆ ಕಾಕತಾಳೀಯ! ಮೆಲ್ಬರ್ನ್ ಕಥೆಯ ‘ಜ್ಯಾಕ್ ಐರಿಶ್’ ಸರಣಿಯಲ್ಲಂತೂ 2012ರಿಂದ 2021ರವರೆಗೆ ಬಿಟ್ಟು ಬಿಟ್ಟು ನಟಿಸಿದರು.

ನನ್ನ ಲೆಕ್ಕದಲ್ಲಿ ಸ್ಟಾರ್‌ಗಿರಿ ಅವರ ಮುಖಕ್ಕೆ ಒಗ್ಗುವುದೂ ಇಲ್ಲ. ಚೆಂದದ ಮುಖ ನಿಜ, ಆದರೆ ನಂಬಬೇಕೋ ಬೇಡವೋ ಅನ್ನಿಸುವಂಥದ್ದು. ‘ಮೆಮೆಂಟೋ’ದಲ್ಲಿ ಕೆಲಸಕ್ಕೆ ಬಂದದ್ದೇ ಅದು, ಅಲ್ವಾ? ‘ದಿ ಬ್ರೂಟಲಿಸ್ಟ್’ನ ಶ್ರೀಮಂತ ಉದ್ಯಮಿಯೂ ಹಾಗೇ: ಮೊದಲು ಪೋಷಕ, ಆಮೇಲೆ ಭಯ ಹುಟ್ಟಿಸುವವ. ಅದಕ್ಕೆ 57ನೇ ವಯಸ್ಸಿನಲ್ಲಿ ಮೊದಲ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಪ್ರಶಸ್ತಿ ನಟ ಕೀರನ್ ಕಲ್ಕಿನ್ ಪಾಲಾಯಿತು. ನನ್ನ ವೋಟು ಮಾತ್ರ ಪಿಯರ್ಸ್‌ಗೇ.