ಪದ ಪರಿಚಯ: ಕಾಣೆಯಾದ ಸಂವೇಗ

ಬ್ಯಾಡಗಿ ಪ್ಯಾಟಿಗೆ ಮೆಣಸಿನಕಾಯಿ ಒಯ್ಯುವ ಮುಂಚೆ ನಮ್ಮ ಸೋದರಮಾವ ಮನೆಯಲ್ಲೇ ಚೀಲ ತೂಗಿ, ತೂಕ ಬರೆದಿಟ್ಟುಕೊಳ್ಳುತ್ತಿದ್ದರು. ಇಲ್ಲಿ 40 ಕಿಲೋ ಇದ್ದದ್ದು ಅಲ್ಲಿ 39 ಆದರೆ ‘ಹಸಿ ಆರೇತಿ ಬಿಡು’ ಅಂತ ಸುಮ್ಮನಾಗೋರು. 36 ಆದರೆ ಮೊದಲ ಅನುಮಾನ ತಕ್ಕಡಿ ಮೇಲೆ, ಆಮೇಲೆ ಚೀಲದ ತೂತಿನ ಮೇಲೆ. ಹೋದದ್ದನ್ನು ಯಾರೂ ಕಂಡಿರುತ್ತಿರಲಿಲ್ಲ. ಹೋಗಿದೆ ಅನ್ನುವುದು ಮಾತ್ರ ಖರೆ.

ಜಿನೀವಾ ಬಳಿಯ ಕಣವಿಜ್ಞಾನ ಕೇಂದ್ರ ಸರ್ನ್‌ನಲ್ಲಿ ಕಪ್ಪುದ್ರವ್ಯ, ಅಂದರೆ ಕಣ್ಣಿಗೂ ಉಪಕರಣಕ್ಕೂ ನೇರವಾಗಿ ಕಾಣದ ಡಾರ್ಕ್ ಮ್ಯಾಟರ್ ಹುಡುಕುವವರದೂ ಹೀಗೇ ತೂಕದ ಲೆಕ್ಕ. ಅಲ್ಲಿನ ಕಣ ಡಿಕ್ಕಿಯ ಯಂತ್ರ ಎಲ್‌ಎಚ್‌ಸಿ ಉಂಗುರದ ಸುತ್ತಳತೆ 27 ಕಿಲೋಮೀಟರ್, ಹುಬ್ಬಳ್ಳಿ–ಧಾರವಾಡದ ದಾರಿಗಿಂತ ಉದ್ದ. ಅದರೊಳಗೆ ಪ್ರೋಟಾನುಗಳು ಎದುರುಬದುರಾಗಿ ಬಂದು ಡಿಕ್ಕಿ ಹೊಡೆಯುತ್ತವೆ. ಓಟದ ದಿಕ್ಕಿಗೆ ಅಡ್ಡಕ್ಕೆ ಅವುಗಳ ಚಲನೆ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಡಿಕ್ಕಿಯ ನಂತರ ಸಿಡಿದ ಚೂರುಗಳ ಅಡ್ಡ ಸಂವೇಗವನ್ನೆಲ್ಲ (ಸಂವೇಗ ಅಂದರೆ ಓಟದ ಜೋರು, ದಿಕ್ಕು ಸಹಿತ) ಕೂಡಿದರೆ ಸೊನ್ನೆಯೇ ಬರಬೇಕು. ಬರದಿದ್ದಾಗ ಉಳಿಯುವ ಕೊರತೆಗೆ ‘ಕಾಣೆಯಾದ ಅಡ್ಡ ಸಂವೇಗ’ ಎಂದು ಹೆಸರು. ‘ಕಾಣೆಯಾದ ಶಕ್ತಿ’ ಅಂತಲೂ ಕರೆಯುತ್ತಾರೆ. ನನಗೆ ಅದು ಸ್ವಲ್ಪ ಸಡಿಲ ಅನಿಸುತ್ತದೆ.

ಅಡ್ಡಕ್ಕೇ ಯಾಕೆ? ನಿಜಕ್ಕೂ ಡಿಕ್ಕಿಯಾಗುವುದು ಪ್ರೋಟಾನಿನೊಳಗಿನ ಕ್ವಾರ್ಕ್, ಗ್ಲುವಾನ್‌ಗಳು. ಪ್ರೋಟಾನಿನ ಓಟದಲ್ಲಿ ಅವುಗಳ ಪಾಲೆಷ್ಟೆಂದು ಪ್ರತಿ ಡಿಕ್ಕಿಯಲ್ಲೂ ಗೊತ್ತಾಗುವುದಿಲ್ಲ. ಉಳಿದ ಚೂರುಗಳು ಪ್ರೋಟಾನು ಓಡುವ ಕೊಳವೆಯೊಳಗೇ ಮುಂದೆ ಹೋಗಿಬಿಡುತ್ತವೆ. ಉದ್ದದ ಲೆಕ್ಕ ಮುಗಿಯುವುದೇ ಇಲ್ಲ.

ಇನ್ನೊಂದು ತೊಡಕಿದೆ. ಡಿಕ್ಕಿಯಲ್ಲಿ ಕಪ್ಪುದ್ರವ್ಯದ ಜೋಡಿಯೊಂದೇ ಹುಟ್ಟಿದರೆ ಅಟ್ಲಾಸ್, ಸಿಎಂಎಸ್ ಶೋಧಕಗಳಿಗೆ ಏನೂ ಕಾಣದು. ಜೊತೆಗೆ ಕಾಣುವಂಥದ್ದೊಂದು ಹಾರಬೇಕು. ಒಂದು ಕಡೆ ಕಣಗಳ ಒಂದು ಜೋರಾದ ಚಿಮ್ಮು, ಎದುರು ಕಡೆ ಖಾಲಿ: ಇದಕ್ಕೆ ಮೋನೋಜೆಟ್ ಅನ್ನುತ್ತಾರೆ.

ಇಲ್ಲೂ ‘ಹಸಿ’ ಉಂಟು, ಶೋಧಕಕ್ಕೆ ಸಿಗದೆ ತೂರಿಹೋಗುವ ನ್ಯೂಟ್ರಿನೋ ಕಣ. ಡಿಕ್ಕಿಯಲ್ಲಿ ಹುಟ್ಟಿ ತಕ್ಷಣ ಒಡೆಯುವ ಝಡ್ ಬೋಸಾನ್‌ಗಳಲ್ಲಿ ಸುಮಾರು 20 ಶೇಕಡ ನ್ಯೂಟ್ರಿನೋಗಳಾಗಿ ಒಡೆದು ಗುರುತಿಲ್ಲದೆ ಹೋಗುತ್ತವೆ. ಮ್ಯುವಾನ್ ಎಂಬ ಕಣಗಳಾಗಿ ಒಡೆಯುವ ಝಡ್‌ಗಳು ಕಾಣುವುದರಿಂದ, ಅವನ್ನು ಎಣಿಸಿ ಕಾಣದವು ಎಷ್ಟಿರಬೇಕೆಂದು ಅಂದಾಜು ಕಟ್ಟುತ್ತಾರೆ. ಚಿಮ್ಮಿನ ಶಕ್ತಿಯನ್ನು ತಪ್ಪಾಗಿ ಅಳೆದರೂ ಕೊರತೆ ಕಾಣುತ್ತದೆ. ಅದು ತಕ್ಕಡಿ ದೋಷ. ಇವೆರಡನ್ನೂ ಕಳೆದ ಮೇಲೆ ಕಪ್ಪುದ್ರವ್ಯ ಎನ್ನುವಂಥ ಹೆಚ್ಚಿನ ಕೊರತೆ ಇದುವರೆಗೆ ಸಿಕ್ಕಿಲ್ಲ.

ಸಿಕ್ಕರೂ ಅಷ್ಟಕ್ಕೇ ಮುಗಿಯದು, ಅದು ಕಪ್ಪುದ್ರವ್ಯವೇ ಎಂದು ಖಾತ್ರಿಯಾಗದು. ಅಟ್ಲಾಸ್‌ನ ಎತ್ತರ 25 ಮೀಟರ್. ಅದನ್ನು ದಾಟಿ ಹೋಗುವಷ್ಟು ಹೊತ್ತು ಬದುಕಿದ ಕಣವೂ ಕಾಣೆಯಾದವರ ಪಟ್ಟಿಗೆ ಸೇರುತ್ತದೆ. ಕಪ್ಪುದ್ರವ್ಯವೋ, 1380 ಕೋಟಿ ವರ್ಷದ ವಿಶ್ವದಲ್ಲಿ ಇವತ್ತಿಗೂ ಉಳಿದಿರುವಂಥದ್ದು.