ಬ್ರಿಗ್ಗೆನ್ ಮನೆಗಳನ್ನು ವೈಕಿಂಗರು ಕಟ್ಟಿದರೇ?

ಓದುಗರ ಪ್ರಶ್ನೆ: ನಾರ್ವೆಯ ಬರ್ಗೆನ್ ಬಂದರಿನಲ್ಲಿ ಸಾಲಾಗಿ ನಿಂತಿರುವ ಕೆಂಪು, ಹಳದಿ ಬಣ್ಣದ ಮರದ ಮನೆಗಳು ವೈಕಿಂಗರ ಕಾಲದವಂತೆ. ಮರ ಸಾವಿರ ವರ್ಷ ಹೇಗೆ ಬಾಳಿಕೆ ಬಂತು?

ಬಾಳಿಕೆ ಬಂದಿಲ್ಲ. ಅವು ಸಾವಿರ ವರ್ಷದ ಮನೆಗಳಲ್ಲ, ವೈಕಿಂಗರ ಮನೆಗಳಂತೂ ಅಲ್ಲವೇ ಅಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಪ್ರವಾಸಕ್ಕೆ ಹೊರಡುವವರು ಕೇಳುತ್ತಾರೆ, ಹೋಗಿ ಬಂದವರು ಫೋಟೊ ತೋರಿಸುತ್ತಾ 'ವೈಕಿಂಗ್ ಮನೆ ನೋಡಿ' ಅನ್ನುತ್ತಾರೆ. ಒಂದೇ ಸಾಲಿನಲ್ಲಿ ತಿದ್ದಿದರೆ ಯಾರಿಗೂ ನಂಬಿಕೆ ಬರುವುದಿಲ್ಲ. ಅದಕ್ಕೇ ಈ ಸಲ ಬುಡದಿಂದ ಹೇಳುತ್ತೇನೆ.

ಮೊದಲು ಇಸವಿಗಳನ್ನು ನೋಡಿ. ವೈಕಿಂಗರು ಅಂದರೆ ಹಡಗೇರಿ ದಾಳಿ, ವ್ಯಾಪಾರಕ್ಕೆ ಹೊರಡುತ್ತಿದ್ದ ಉತ್ತರ ಯುರೋಪಿನ ಜನ. ಅವರ ಕಾಲ ಅಂತ ಸಾಮಾನ್ಯವಾಗಿ ಕರೆಯುವುದು 793ರಿಂದ 1066ರವರೆಗಿನ ಅವಧಿಯನ್ನು. 793ರಲ್ಲಿ ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ಮಠದ ಮೇಲೆ ದಾಳಿಯಾಯಿತು. 1066ರಲ್ಲಿ ನಾರ್ವೆಯ ರಾಜ ಹರಾಲ್ಡ್ ಹಾರ್ಡ್‌ರೋಡೆ ಇಂಗ್ಲೆಂಡ್ ಗೆಲ್ಲಲು ಹೋಗಿ ಸ್ಟ್ಯಾಮ್‌ಫರ್ಡ್ ಬ್ರಿಜ್ ಕಾಳಗದಲ್ಲಿ ಸತ್ತ. ಅವನ ಮಗ ಓಲಾವ್ ಕ್ಯೂರೆ. 1070ರ ಸುಮಾರಿಗೆ ಬರ್ಗೆನ್ ಊರನ್ನು ನೆಲೆಗೊಳಿಸಿದವನು ಈ ಓಲಾವನೇ ಎಂದು ಸಾಗಾ ಎಂಬ ಮಧ್ಯಯುಗದ ಕಥನಗಳು ಹೇಳುತ್ತವೆ. ಅಪ್ಪನ ಸಾವಿಗೆ ವೈಕಿಂಗರ ಕಾಲ ಮುಗಿಯಿತು, ಆಮೇಲೆ ಮಗ ಊರು ಕಟ್ಟಿದ. ಊರೇ ಸರಿಯಾಗಿ ಹುಟ್ಟಿರದ ಕಾಲದಲ್ಲಿ ಅದರ ಬಂದರಿನ ಮನೆಸಾಲು ಎಲ್ಲಿಂದ ಬಂದೀತು?

ಇನ್ನು ಮನೆಗಳ ವಯಸ್ಸು. 1702ರಲ್ಲಿ ಬಿದ್ದ ಬೆಂಕಿಗೆ ಬರ್ಗೆನ್ನಿನ ಬಹುಪಾಲು ಸುಟ್ಟುಹೋಯಿತು, ಬ್ರಿಗ್ಗೆನ್ ಎಂಬ ಈ ಬಂದರಿನ ಮನೆಸಾಲು ಪೂರ್ತಿ ಬೂದಿಯಾಯಿತು. ಇವತ್ತು ನಾವು ನೋಡುವ ಸಾಲು ಎದ್ದದ್ದು ಆ ಬೂದಿಯ ಮೇಲೆ, ನಂತರದ ವರ್ಷಗಳಲ್ಲಿ. ಅಂದರೆ ಮುನ್ನೂರು ಚಿಲ್ಲರೆ ವರ್ಷ. ಮರದ ಕಟ್ಟಡಕ್ಕೆ ಅದೇನು ಕಡಿಮೆ ಆಯಸ್ಸೇ? ಅದನ್ನು ಬಿಟ್ಟು, ಇಲ್ಲದ ಏಳುನೂರು ವರ್ಷವನ್ನು ಮೇಲೆ ಹೇರುವುದು ಯಾಕೆ ಅನ್ನುವುದೇ ನನಗೆ ಅರ್ಥವಾಗದ ಸಂಗತಿ.

ಕಟ್ಟಿಸಿ ಬಳಸಿದವರಾದರೂ ಯಾರು? ಜರ್ಮನ್ ವರ್ತಕರು. ಲ್ಯೂಬೆಕ್ ಮುಂದಾಳತ್ವದ ಹನ್ಸಾ ವ್ಯಾಪಾರಿ ಒಕ್ಕೂಟ 1360ರ ಸುಮಾರಿಗೆ ಇಲ್ಲಿ ತನ್ನ ಕೋಠಿ ಸ್ಥಾಪಿಸಿತು. ಉತ್ತರದ ಲೋಫೋಟೆನ್ ದ್ವೀಪಗಳಿಂದ ಒಣಗಿಸಿದ ಕಾಡ್ ಮೀನು ಬರುತ್ತಿತ್ತು, ದಕ್ಷಿಣದಿಂದ ರೈ ಧಾನ್ಯ, ಹಿಟ್ಟು ಬರುತ್ತಿದ್ದವು. ನಮ್ಮ ಕರಾವಳಿಯವರು ಒಣಮೀನು ಅಂದಕೂಡಲೇ ಉಪ್ಪು, ಬಿಸಿಲು ನೆನೆಯುತ್ತಾರೆ. ಇದಕ್ಕೆ ಎರಡೂ ಬೇಡ. ಚಳಿಗಾಲದ ತಣ್ಣನೆ ಗಾಳಿಗೆ ಮರದ ಅಡ್ಡೆಗಳ ಮೇಲೆ ತೂಗುಹಾಕಿದರೆ ಕಟ್ಟಿಗೆಯಷ್ಟು ಗಟ್ಟಿಯಾಗುತ್ತದೆ, ವರ್ಷಗಟ್ಟಲೆ ಕೆಡುವುದಿಲ್ಲ. ಬ್ರಿಗ್ಗೆನ್ ಅಂದರೆ ಈ ಮೀನಿನ ಉಗ್ರಾಣ ಮತ್ತು ಅದನ್ನು ಕಾಯುವ ಗಂಡಸರ ಬಿಡಾರ. ಕೋಠಿಯವರು ಅಲ್ಲಿರುವಷ್ಟು ಕಾಲ ಮದುವೆಯಾಗುವಂತಿರಲಿಲ್ಲ. ಮರದ ಮನೆಗಳೊಳಗೆ ಬೆಂಕಿ ಹಾಕುವಂತಿರಲಿಲ್ಲ. ಅಡುಗೆ, ಊಟ, ಚಳಿ ಕಾಯಿಸುವುದು ಎಲ್ಲವೂ ಹಿಂಭಾಗದಲ್ಲಿ ಬೇರೆಯಾಗಿ ಕಟ್ಟಿದ ಸಭಾಕೋಣೆಗಳಲ್ಲಿ. ಅವಕ್ಕೆ ಶೋತ್‌ಸ್ಟ್ಯೂ ಎಂದು ಹೆಸರು. ಬೆಲೆಬಾಳುವ ಸರಕಿಗೆ ಅಲ್ಲೇ ಹಿಂದೆ ಕಲ್ಲಿನ ನೆಲಮನೆಗಳು.

ಬರ್ಗೆನ್ನಿಗೆ ಹೋದರೆ ಮುಂಭಾಗದ ಫೋಟೊ ತೆಗೆದು ಹೊರಟುಬಿಡಬೇಡಿ. ಎರಡು ಸಾಲುಮನೆಗಳ ನಡುವಿನ ಓಣಿಗೆ ನುಗ್ಗಿ. ಕಾಲಡಿ ಹಲಗೆ ಹಾಸು. ತಲೆಯ ಮೇಲೆ ಎರಡೂ ಕಡೆಯ ಜಗಲಿಗಳು ಒಂದಕ್ಕೊಂದು ಬಾಗಿ, ಆಕಾಶ ಒಂದು ಪಟ್ಟಿಯಷ್ಟೇ ಕಾಣುತ್ತದೆ. ಗೋಡೆಯ ದಿಮ್ಮಿಗಳು ಮೂಲೆಯಲ್ಲಿ ಒಂದರ ಕಚ್ಚಿನಲ್ಲಿ ಇನ್ನೊಂದು ಕೂತಿರುವುದನ್ನು ಬೆರಳಿಟ್ಟು ಮುಟ್ಟಬಹುದು. ಟಾರು ಮತ್ತು ಹಳೆ ಮರದ ವಾಸನೆ ಮೂಗಿಗೆ ಬರುತ್ತದೆ. ಸಮುದ್ರದ ಕಡೆಗೆ ಕಿರಿದಾದ ತ್ರಿಕೋನ ಮುಖ, ಹಿಂದಕ್ಕೆ ಉದ್ದಾನುದ್ದ ಮೈ. ಹಡಗುಕಟ್ಟೆಯ ಅಂಚು ಎಲ್ಲರಿಗೂ ಬೇಕು, ಆದ್ದರಿಂದ ಪ್ರತಿಯೊಬ್ಬರ ಪಾಲಿಗೆ ಸ್ವಲ್ಪ ಸ್ವಲ್ಪವೇ ಅಗಲ. ವ್ಯಾಪಾರದ ಲೆಕ್ಕವೇ ಇಲ್ಲಿ ಮನೆಯ ಆಕಾರವಾಗಿದೆ.

'ಆದರೆ ಅಲ್ಲಿ ರೂನ್ ಲಿಪಿಯ ಬರಹ ಸಿಕ್ಕಿದೆಯಲ್ಲ, ಅದು ವೈಕಿಂಗರದ್ದೇ ತಾನೇ?' ಇದು ಪ್ರತಿ ಸಲ ಬರುವ ಎರಡನೇ ಬಾಣ. ಸಿಕ್ಕಿದೆ, ನಿಜ. ರೂನ್ ಅಂದರೆ ಉತ್ತರ ಯುರೋಪಿನ ಹಳೆಯ ಲಿಪಿ. 1955ರಲ್ಲಿ ಬ್ರಿಗ್ಗೆನ್ನಿನ ಒಂದು ಭಾಗ ಮತ್ತೆ ಸುಟ್ಟಾಗ, ಖಾಲಿಯಾದ ಜಾಗವನ್ನು ಪುರಾತತ್ವಜ್ಞ ಆಸ್ಬ್ಯೋರ್ನ್ ಹೆರ್ಟೈಗ್ ಹತ್ತಾರು ವರ್ಷ ಅಗೆಸಿದರು. ಆರುನೂರಕ್ಕೂ ಹೆಚ್ಚು ರೂನ್ ಬರಹಗಳು ಹೊರಬಂದವು, ಹೆಚ್ಚಿನವು ಮರದ ಕಡ್ಡಿಗಳ ಮೇಲೆ ಕೆತ್ತಿದವು. ಬಹುಪಾಲು ಬರಹಗಳ ಕಾಲ ಮಾತ್ರ 12ರಿಂದ 14ನೇ ಶತಮಾನ! ವೈಕಿಂಗರು ಹೋದ ಮೇಲೂ ಇನ್ನೂರು ಮುನ್ನೂರು ವರ್ಷ ಬರ್ಗೆನ್ನಿನ ಸಾಮಾನ್ಯ ಜನ ರೂನ್‌ಗಳಲ್ಲೇ ಬರೆಯುತ್ತಿದ್ದರು. ಸರಕಿನ ಮೂಟೆಗೆ ಮಾಲೀಕನ ಹೆಸರಿನ ಚೀಟಿ, 'ಆವೆ ಮಾರಿಯಾ' ಪ್ರಾರ್ಥನೆ, ವ್ಯಾಪಾರದ ಪತ್ರ, ಪ್ರೇಮದ ಮಾತು, ಎಲ್ಲವೂ ಇವೆ. ಒಂದರಲ್ಲಿ ಇಷ್ಟೇ ಇದೆ: ನೀನು ಮನೆಗೆ ಹೋಗಬೇಕಂತೆ, ಗ್ಯೂಡಾ ಹೇಳುತ್ತಿದ್ದಾಳೆ. ಎಲ್ಲೋ ಕೂತು ಹೊತ್ತು ಮರೆತವನಿಗೆ ಮನೆಯಿಂದ ಹೋದ ಕರೆ ಎಂದೇ ನಾನದನ್ನು ಓದಿಕೊಳ್ಳುತ್ತೇನೆ. ರೂನ್ ಕಂಡಕೂಡಲೇ ಕೊಡಲಿ, ಕತ್ತಿ ನೆನೆಯುವವರು ಬ್ರಿಗ್ಗೆನ್ಸ್ ಮ್ಯೂಸಿಯಂನಲ್ಲಿ ಈ ಕಡ್ಡಿಗಳ ಮುಂದೆ ಹತ್ತು ನಿಮಿಷ ನಿಲ್ಲಬೇಕು.

ಅದೇ ಅಗೆತದಲ್ಲಿ ಇನ್ನೊಂದು ಸಂಗತಿ ಸಿಕ್ಕಿತು. ನೆಲದಡಿ ಬೂದಿಯ ಪದರಗಳು ಒಂದರ ಕೆಳಗೊಂದು ಇದ್ದವು. 1702, 1476, 1413, 1332, 1248, 1198 ಹೀಗೆ ದಾಖಲೆಯಲ್ಲಿರುವ ಬೆಂಕಿಗಳಿಗೆ ಪದರಗಳನ್ನು ಹೊಂದಿಸಿ, ನಡುವೆ ಸಿಕ್ಕ ವಸ್ತುಗಳ ಕಾಲ ಗುರುತಿಸಿದರು. ಪ್ರತಿ ಬೆಂಕಿಯ ನಂತರವೂ ಜನ ಹೆಚ್ಚುಕಡಿಮೆ ಹಳೆಯ ಗೆರೆಗಳ ಮೇಲೇ, ಹಳೆಯ ಕ್ರಮದಲ್ಲೇ ಮರದಿಂದ ಮತ್ತೆ ಕಟ್ಟಿದ್ದಾರೆ. ಬ್ರಿಗ್ಗೆನ್ನಿನಲ್ಲಿ ನಿಜವಾಗಿ ಹಳೆಯದು ಈ ಕ್ರಮ. ಹಲಗೆ 18ನೇ ಶತಮಾನದ್ದು, ನಕ್ಷೆ ಮಧ್ಯಯುಗದ್ದು. 1979ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಇಂಥ ತಾಣ.

ನಿಜಕ್ಕೂ ಹಳೆಯ ಗೋಡೆ ಮುಟ್ಟಬೇಕೆಂದರೆ ಕಲ್ಲಿನ ಕಟ್ಟಡಗಳಿಗೆ ಹೋಗಿ. ಬ್ರಿಗ್ಗೆನ್ನಿನ ಬೆನ್ನಿಗೇ ಇರುವ ಅವಳಿ ಗೋಪುರದ ಮಾರಿಯಾ ಚರ್ಚು 12ನೇ ಶತಮಾನದ್ದು, ಊರಲ್ಲಿ ಈಗ ನಿಂತಿರುವ ಕಟ್ಟಡಗಳಲ್ಲಿ ಅತಿ ಹಳೆಯದು. ಕೋಟೆಯೊಳಗಿನ ಹೋಕೊನ್ಸ್ ಸಭಾಭವನ ರಾಜ ಹೋಕೊನ್ ಹೋಕೊನ್ಸೊನ್ ಕಟ್ಟಿಸಿದ್ದು, 1261ರಲ್ಲಿ ಅವನ ಮಗ ಮಾಗ್ನುಸನ ಮದುವೆ ಊಟ ನಡೆದದ್ದು ಅಲ್ಲೇ. 1944ರ ಏಪ್ರಿಲ್ 20ರಂದು ಬಂದರಿನಲ್ಲಿ ಸ್ಫೋಟಕ ತುಂಬಿದ್ದ ಡಚ್ ಹಡಗು ಸಿಡಿದಾಗ ಈ ಭವನದ ಚಾವಣಿ ಸುಟ್ಟುಹೋಯಿತು, ಗೋಡೆಗಳು ಉಳಿದವು. ಕ್ಯಾಥೆಡ್ರಲ್ ಗೋಡೆಯಲ್ಲಿ 1665ರಲ್ಲಿ ಇಂಗ್ಲಿಷರೂ ಡಚ್ಚರೂ ಬಂದರಿನಲ್ಲೇ ಕಾದಾಡಿದಾಗ ಹೊಕ್ಕ ಫಿರಂಗಿ ಗುಂಡು ಈಗಲೂ ಕಾಣುತ್ತದೆ. ಊರಾಚೆಯ ಫಾನ್‌ಟೋಫ್ಟ್ ಮರದ ಚರ್ಚಿನ ಬಗ್ಗೆಯೂ ಎಚ್ಚರ ಇರಲಿ. ಮೂಲ 12ನೇ ಶತಮಾನದ್ದಾದರೂ 1992ರಲ್ಲಿ ಅದಕ್ಕೆ ಬೆಂಕಿ ಇಟ್ಟರು, ಈಗಿರುವುದು 1997ರಲ್ಲಿ ಮುಗಿದ ಮರುನಿರ್ಮಾಣ. ವೈಕಿಂಗರನ್ನೇ ನೋಡಬೇಕು ಅನ್ನುವವರಿಗೆ ಟೋರ್ಗ್‌ಆಲ್ಮೆನ್ನಿಂಗೆನ್ ಚೌಕದ ನಾವಿಕರ ಸ್ಮಾರಕ ಇದೆ. ಶಿಲ್ಪಿ ಡ್ಯೂರೆ ವೋ 1950ರಲ್ಲಿ ಪೂರೈಸಿದ ಅದರ ಒಂದು ಮುಖದಲ್ಲಿ ವೈಕಿಂಗ್ ಕಾಲದ ನಾವಿಕರು ಕಂಚಿನಲ್ಲಿ ನಿಂತಿದ್ದಾರೆ.

ಯಾರೂ ಕೇಳದ ಒಂದು ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. ಬ್ರಿಗ್ಗೆನ್ನಿನ ಮನೆಗಳು ಸೊಟ್ಟಗಿವೆ. ಕಿಟಕಿಯ ಚೌಕಟ್ಟು ಒಂದು ಕಡೆ, ಬಾಗಿಲು ಇನ್ನೊಂದು ಕಡೆ ವಾಲಿದೆ. ಮರ ಮುದಿಯಾಗಿ ಹೀಗಾಯಿತು ಅಂದುಕೊಂಡು ಎಲ್ಲರೂ ಮುಂದೆ ಹೋಗುತ್ತಾರೆ. ಕಾರಣ ಇರುವುದು ನೆಲದಡಿ. ಶತಮಾನಗಳಿಂದ ಜನ ಮರದ ತೊಲೆಗಳ ಕಟ್ಟೆ ಕಟ್ಟಿ, ಒಳಗೆ ಕಸ, ಕಲ್ಲು, ಸುಟ್ಟ ಅವಶೇಷ ತುಂಬುತ್ತಾ ಸಮುದ್ರವನ್ನು ಹಿಂದಕ್ಕೆ ದೂಡಿದ್ದಾರೆ. ಆ ತುಂಬುನೆಲದ ಮೇಲೆ ಈ ಮನೆಗಳು ಕೂತಿವೆ. ನೀರಲ್ಲಿ ಮುಳುಗಿರುವ ತನಕ ತೊಲೆಗಳಿಗೆ ಏನೂ ಆಗುವುದಿಲ್ಲ, ಯಾಕೆಂದರೆ ಕೊಳೆಯಲು ಗಾಳಿ ಬೇಕು. 1955ರಲ್ಲಿ ಸುಟ್ಟ ಜಾಗದಲ್ಲಿ ಆಮೇಲೆ ಹೊಸ ಕಟ್ಟಡ ಕಟ್ಟುವಾಗ ಅದರ ಅಡಿಯಿಂದ ನೀರು ಬಸಿದುಹೋಗುವಂತಾಯಿತು. ಪಕ್ಕದ ಹಳೆ ಮನೆಗಳ ಕೆಳಗೆ ಅಂತರ್ಜಲ ಇಳಿಯಿತು. ಗಾಳಿ ಹೊಕ್ಕಿತು, ಏಳೆಂಟು ಶತಮಾನ ಕೆಡದೆ ಇದ್ದದ್ದು ಕೊಳೆಯತೊಡಗಿತು, ನೆಲ ವರ್ಷಕ್ಕೆ ಕೆಲವು ಮಿಲಿಮೀಟರ್ ಕುಸಿಯುತ್ತಾ ಹೋಯಿತು.

ಬೆಂಕಿಯಿಂದ ಮತ್ತೆ ಮತ್ತೆ ಎದ್ದ ಬ್ರಿಗ್ಗೆನ್ ನೀರು ಕಡಿಮೆಯಾಗಿ ವಾಲಿತು. ಅದಕ್ಕೆ ಪರಿಹಾರ ಅಂತ ಅಲ್ಲಿನವರು ಹಿಂಭಾಗದಲ್ಲಿ ಹುಲ್ಲಿನ ತಗ್ಗುಗಳನ್ನು, ಮಳೆನೀರು ಇಂಗುವ ಹಾಸುಗಳನ್ನು ಮಾಡಿದ್ದಾರೆ. ಮಾಡಿನ ನೀರು ಚರಂಡಿಗೆ ಹೋಗದೆ ನಿಧಾನಕ್ಕೆ ಮಣ್ಣಿಗೆ ಇಳಿದು ತೊಲೆಗಳನ್ನು ಮತ್ತೆ ನೆನೆಸಬೇಕು, ಅಷ್ಟೇ ಉಪಾಯ. ಬರ್ಗೆನ್ನಿನಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ನೀವು ಹೋದ ದಿನವೂ ಸುರಿಯುತ್ತಿದ್ದರೆ, ಕೊಡೆ ಹಿಡಿದು ಮಾರಿಯಾ ಚರ್ಚಿನ ಕಡೆಯಿಂದ ಬ್ರಿಗ್ಗೆನ್ನಿನ ಹಿಂಬದಿಗೆ ಬನ್ನಿ. ಹುಲ್ಲಿನ ಆ ತಗ್ಗುಗಳ ಹತ್ತಿರ ನಿಂತು, ನೀರು ಇಂಗುವುದನ್ನು ನೋಡಿ.