ಕೊಲೆಸ್ಟ್ರಾಲ್ ಫ್ರೀ ಎಣ್ಣೆ ಹಾಕೋ ಹೋಟೆಲ್ ಯಾವುದು ಸರ್?

ಪ್ರಶ್ನೆ: ರಕ್ತ ಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ಜಾಸ್ತಿ ಬಂದಿದೆ, ಹೊರಗಡೆ ತಿನ್ನೋದು ಕಡಿಮೆ ಮಾಡಿ ಅಂತ ಡಾಕ್ಟರ್ ಹೇಳಿದ್ದಾರೆ. ನನ್ನದು ತಿರುಗಾಟದ ಕೆಲಸ. ಇವತ್ತು ಕಡೂರು, ನಾಳೆ ಮೂಡಿಗೆರೆ, ನಾಡಿದ್ದು ಕೊಪ್ಪ. ತಿಂಡಿ, ಊಟ ಎರಡೂ ಹೋಟೆಲಲ್ಲೇ. ಕೊಲೆಸ್ಟ್ರಾಲ್ ಫ್ರೀ ಎಣ್ಣೆ ಬಳಸುವ ವೆಜ್ ಹೋಟೆಲ್ ನೋಡಿಕೊಂಡು ತಿಂದರೆ ಸಾಕಲ್ವಾ ಸರ್?

ಉತ್ತರ: ಸಾಲದು. ಈ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಊರಿನ ಹೆಸರು ಬದಲಾಗುತ್ತೆ, ‘ಕೊಲೆಸ್ಟ್ರಾಲ್ ಫ್ರೀ’ ಮಾತ್ರ ಹಾಗೇ ಇರುತ್ತೆ. ಇವತ್ತು ಅದನ್ನೇ ಮೊದಲು ಮುಗಿಸಿಬಿಡೋಣ.

ಕೊಲೆಸ್ಟ್ರಾಲ್ ಇರೋದು ಪ್ರಾಣಿಗಳ ದೇಹದಲ್ಲಿ. ಹಾಲು, ಬೆಣ್ಣೆ, ತುಪ್ಪ, ಮೊಟ್ಟೆ, ಮೀನು, ಮಾಂಸ, ಇವುಗಳಲ್ಲಿ ಅದು ಸಿಗುತ್ತೆ. ಬೀಜ, ಕಾಯಿ, ಹಣ್ಣು ಹಿಂಡಿ ತೆಗೆದ ಯಾವ ಎಣ್ಣೆಯಲ್ಲೂ ಲೆಕ್ಕಕ್ಕೆ ಬರುವಷ್ಟು ಕೊಲೆಸ್ಟ್ರಾಲ್ ಇರೋಲ್ಲ. ಕಡಲೆಕಾಯಿ ಎಣ್ಣೆಯಲ್ಲಿಲ್ಲ, ಸೂರ್ಯಕಾಂತಿಯಲ್ಲಿಲ್ಲ, ತೆಂಗಿನೆಣ್ಣೆಯಲ್ಲಿಲ್ಲ, ತಾಳೆ ಎಣ್ಣೆಯಲ್ಲೂ ಇಲ್ಲ. ಎಣ್ಣೆ ಪ್ಯಾಕೆಟ್ ಮೇಲೆ ‘ಕೊಲೆಸ್ಟ್ರಾಲ್ ಫ್ರೀ’ ಅಂತ ಹಾಕೋದು ನೀರಿನ ಬಾಟಲಿ ಮೇಲೆ ‘ಇದರಲ್ಲಿ ಮೂಳೆ ಇಲ್ಲ’ ಅಂತ ಬರೆದ ಹಾಗೆ. ಸುಳ್ಳಲ್ಲ, ಆದರೆ ಅದರಿಂದ ನಿಮಗೆ ಗೊತ್ತಾಗಿದ್ದು ಏನೂ ಇಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ವನಸ್ಪತಿ, ಅಂದರೆ ನಾವೆಲ್ಲ ಡಾಲ್ಡಾ ಅಂತ ಕರೆಯೋ ಪದಾರ್ಥ, ಅದರಲ್ಲೂ ಕೊಲೆಸ್ಟ್ರಾಲ್ ಇಲ್ಲ! ನಿಮ್ಮ ಲೆಕ್ಕದ ಪ್ರಕಾರ ಡಾಲ್ಡಾ ಕೂಡ ಆರೋಗ್ಯಕರ ಆಗಬೇಕಿತ್ತು.

ರಕ್ತದಲ್ಲಿರೋ ಕೊಲೆಸ್ಟ್ರಾಲ್‌ನ ಬಹುಪಾಲನ್ನು ತಯಾರು ಮಾಡೋದು ನಿಮ್ಮ ದೇಹವೇ, ಮುಖ್ಯವಾಗಿ ಲಿವರ್. ನೀವು ತಿನ್ನೋ ಕೊಬ್ಬಿನ ಜಾತಿ ನೋಡಿ ಅದರ ಲೆಕ್ಕಾಚಾರ ಬದಲಾಗುತ್ತೆ. ಸ್ಯಾಚುರೇಟೆಡ್ ಕೊಬ್ಬು, ಅಂದರೆ ತಣ್ಣಗಾದರೆ ಗಟ್ಟಿಯಾಗೋ ಜಾತಿಯದು, ಜಾಸ್ತಿಯಾದರೆ, ರಕ್ತದಿಂದ ಕೆಟ್ಟ ಕೊಲೆಸ್ಟ್ರಾಲ್ ಅಂತ ಕರೆಯೋ ಎಲ್‌ಡಿಎಲ್ ಅನ್ನು ಎಳೆದುಕೊಳ್ಳೋ ಲಿವರ್‌ನ ಕೆಲಸ ಮಂದವಾಗುತ್ತೆ, ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತೆ. ಟ್ರಾನ್ಸ್ ಕೊಬ್ಬು ಇನ್ನೂ ಕೆಟ್ಟದ್ದು. ಎಲ್‌ಡಿಎಲ್ ಏರಿಸೋದರ ಜೊತೆಗೆ ಒಳ್ಳೆಯದು ಅಂತ ನಾವು ಕರೆಯೋ ಎಚ್‌ಡಿಎಲ್ ಅನ್ನೂ ಇಳಿಸುತ್ತೆ. ಹಾಗಾಗಿ ಕೇಳಬೇಕಾದ್ದು ಎಣ್ಣೆಯಲ್ಲಿ ಕೊಲೆಸ್ಟ್ರಾಲ್ ಇದೆಯೇ ಅಂತಲ್ಲ. ಯಾವ ಜಾತಿಯ ಕೊಬ್ಬು, ಎಷ್ಟು, ಎಷ್ಟು ಸಲ ಕಾಯಿಸಿದ್ದು ಅಂತ.

ಈ ಟ್ರಾನ್ಸ್ ಎಲ್ಲಿಂದ ಬಂತು? ರಸಾಯನಶಾಸ್ತ್ರ ಪಾಠ ಮಾಡಿದವನಿಗೆ ಇದನ್ನು ಬಿಟ್ಟು ಮುಂದೆ ಹೋಗೋಕೆ ಆಗೋಲ್ಲ, ಸಹಿಸಿಕೊಳ್ಳಿ. ನಿಕ್ಕಲ್ ಪುಡಿ ಸೇರಿಸಿ ಕಾಯಿಸಿದ ಎಣ್ಣೆಯೊಳಗೆ ಹೈಡ್ರೋಜನ್ ಹಾಯಿಸಿದರೆ ಅದರ ದ್ವಿಬಂಧಗಳು (ಎರಡು ಇಂಗಾಲದ ಪರಮಾಣುಗಳ ನಡುವಿನ ಜೋಡಿ ಕೊಂಡಿಗಳು) ಒಂದೊಂದಾಗಿ ತುಂಬಿಕೊಳ್ಳುತ್ತವೆ, ಎಣ್ಣೆ ಗಟ್ಟಿಯಾಗುತ್ತೆ. ಅರ್ಧಕ್ಕೆ ನಿಲ್ಲಿಸಿದರೆ ಉಳಿದ ದ್ವಿಬಂಧಗಳಲ್ಲಿ ಒಂದಷ್ಟು ಆಕಾರ ಬದಲಿಸಿಕೊಂಡಿರುತ್ತವೆ. ಅದೇ ಟ್ರಾನ್ಸ್. ಹಳೇ ಕಾಲದ ವನಸ್ಪತಿ ತುಂಬಾ ಇದ್ದದ್ದು ಇದೇ. ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) 2021ರ ಜನವರಿಯಿಂದ ಎಣ್ಣೆ-ಕೊಬ್ಬುಗಳಲ್ಲಿ ಟ್ರಾನ್ಸ್ ಅಂಶ ನೂರಕ್ಕೆ 3 ದಾಟಬಾರದು ಅಂತ ಮಾಡಿತು, 2022ರ ಜನವರಿಯಿಂದ ಅದು ನೂರಕ್ಕೆ 2. ಒಳ್ಳೆಯ ಕೆಲಸ. ಆದರೆ ವನಸ್ಪತಿ ಗಟ್ಟಿಯಾಗಿರಲೇಬೇಕಲ್ಲ? ಆ ಗಟ್ಟಿತನ ಈಗ ಹೆಚ್ಚಾಗಿ ತಾಳೆ ಎಣ್ಣೆಯ ಗಟ್ಟಿ ಭಾಗದಿಂದ ಬರುತ್ತೆ, ಅಂದರೆ ಸ್ಯಾಚುರೇಟೆಡ್ ಕೊಬ್ಬಿನಿಂದ. ಟ್ರಾನ್ಸ್ ಹೋಯಿತು ಅಂತ ಡಾಲ್ಡಾ ಸಾಧುವಾಗಲಿಲ್ಲ.

ನಮ್ಮ ಚಿಕ್ಕಮಗಳೂರಿನ ಚಳಿಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಡಿಸೆಂಬರ್ ಬೆಳಿಗ್ಗೆ ಹೋಟೆಲಲ್ಲಿ ಪಲಾವ್ ತಗೊಂಡು ಫೋನಲ್ಲಿ ಮಾತಾಡ್ತಾ ಕೂತುಬಿಡಿ. ಸ್ಟೀಲ್ ತಟ್ಟೆಯ ಅಂಚಿನಲ್ಲಿ ಡಾಲ್ಡಾ ಬೆಳ್ಳಗೆ ಮೇಣದ ಥರ ಕಟ್ಟಿಕೊಳ್ಳುತ್ತೆ, ತಿಂದ ಮೇಲೆ ಅಂಗುಳಕ್ಕೆ ಅಂಟಿದ್ದು ಬಿಸಿ ಕಾಫಿ ಕುಡಿಯೋವರೆಗೂ ಬಿಡೋಲ್ಲ. ಸೂರ್ಯಕಾಂತಿ ಎಣ್ಣೆ ಹಾಗೆ ಕಟ್ಟೋಲ್ಲ. ತುಪ್ಪವೂ ಕಟ್ಟುತ್ತೆ ಸರ್ ಅಂತ ಯಾರೋ ಬರೆಯುತ್ತೀರಿ. ನಿಜ, ಕಟ್ಟುತ್ತೆ. ಆದರೆ ಹೋಟೆಲ್ ತಿಂಡಿಯ ಬೆಲೆಗೆ ಪಲಾವ್‌ಗೆ ತುಪ್ಪ ಸುರಿಯೋ ಹೋಟೆಲ್ ನಿಮಗೆ ಸಿಕ್ಕಿದ್ದರೆ ವಿಳಾಸ ನನಗೂ ಕಳಿಸಿ. ತುಪ್ಪದಲ್ಲೂ ಅರ್ಧಕ್ಕಿಂತ ಹೆಚ್ಚು ಸ್ಯಾಚುರೇಟೆಡ್ ಕೊಬ್ಬೇ ಇದೆ ಅನ್ನೋದು ಬೇರೆ ಮಾತು.

ಇನ್ನು ‘ವೆಜ್ ಹೋಟೆಲ್’. ತರಕಾರಿ ಅಂದ ಮಾತ್ರಕ್ಕೆ ಕೊಬ್ಬು ಕಡಿಮೆ ಅಂತೇನಿಲ್ಲ. ಪೂರಿ, ಗೋಬಿ, ಬೋಂಡ ಎಲ್ಲ ಅಪ್ಪಟ ಸಸ್ಯಾಹಾರವೇ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ 2024ರ ಮಾರ್ಚ್‌ನಲ್ಲಿ ಸರ್ಕಾರ ನಿಷೇಧ ಹಾಕಿದಾಗ ಊರೆಲ್ಲ ಬಣ್ಣದ್ದೇ ಮಾತು. ಅದನ್ನು ಕರಿದ ಎಣ್ಣೆಯ ಬಣ್ಣ ಏನಾಗಿತ್ತು ಅಂತ ಕೇಳಿದವರು ಕಡಿಮೆ. ಆ ಎಣ್ಣೆಗೂ ಕಾನೂನಿದೆ: 2018ರ ಜುಲೈ 1ರಿಂದ, ಕಾದು ಕಾದು ಹುಟ್ಟೋ ಪೋಲಾರ್ ಸಂಯುಕ್ತಗಳು ನೂರಕ್ಕೆ 25 ದಾಟಿದ ಎಣ್ಣೆಯಲ್ಲಿ ಅಡುಗೆ ಮಾಡೋ ಹಾಗಿಲ್ಲ. ಅಳೆಯೋ ಮೀಟರ್ ನಿಮ್ಮ ಜೇಬಲ್ಲಿರೋಲ್ಲ, ಕಣ್ಣು ಮೂಗು ಇವೆ. ಬಾಣಲೆಯ ಎಣ್ಣೆ ಕಪ್ಪಗೆ ದಪ್ಪಗೆ ಆಗಿದ್ದರೆ, ಬೋಂಡ ತೆಗೆದ ಮೇಲೂ ನೊರೆ ಇಳಿಯದಿದ್ದರೆ, ಕಾಯೋ ಮೊದಲೇ ಹೊಗೆ ಬಂದರೆ, ಅಲ್ಲಿಂದ ಎದ್ದು ಬನ್ನಿ.

ಸರಿ, ತಿನ್ನೋದೇನು? ಇದು ನಿಜವಾಗಿ ಕಷ್ಟದ ಪ್ರಶ್ನೆಯೇ ಅಲ್ಲ, ನಿಮ್ಮ ಜಿಲ್ಲೆಯಲ್ಲಂತೂ ಅಲ್ಲ. ಇಡ್ಲಿ, ಕಡುಬು ಆವಿಯಲ್ಲಿ ಬೆಂದದ್ದು. ಕೊಟ್ಟಿಗೆಹಾರದ ಕಡೆ ಹೋದರೆ ನೀರ್ ದೋಸೆ ಇದ್ದೇ ಇದೆ, ಕಾವಲಿಗೆ ಒರೆಸಿದ ಎಣ್ಣೆ ಬಿಟ್ಟರೆ ಅದಕ್ಕೆ ಮತ್ತೇನೂ ಬೇಡ. ಅಕ್ಕಿ ರೊಟ್ಟಿ ಮಾತ್ರ ಕೇಳಿ ತಗೊಳ್ಳಿ. ಹಿಟ್ಟನ್ನು ಕುದಿನೀರಲ್ಲಿ ಬೇಯಿಸಿ, ನಾದಿ, ಲಟ್ಟಿಸಿ, ಕಾವಲಿ ಮೇಲೆ ಬೇಯಿಸಿ ಕೆಂಡದ ಮೇಲೆ ಉಬ್ಬಿಸೋ ಮಲೆನಾಡಿನ ರೊಟ್ಟಿಗೆ ಎಣ್ಣೆ ಮುಟ್ಟೋದೇ ಇಲ್ಲ. ಈರುಳ್ಳಿ, ಸಬ್ಬಸಿಗೆ ಹಾಕಿ ಕಾವಲಿ ಮೇಲೇ ತಟ್ಟಿ ಸುತ್ತಲೂ ಎಣ್ಣೆ ಬಿಡೋದು ಬೇರೆಯೇ ರೊಟ್ಟಿ. ಎರಡಕ್ಕೂ ಬೋರ್ಡಿನಲ್ಲಿ ಒಂದೇ ಹೆಸರು.

ಮಧ್ಯಾಹ್ನಕ್ಕೆ ಮುದ್ದೆ, ಸೊಪ್ಪಿನ ಸಾರು, ಪಲ್ಯ, ಮಜ್ಜಿಗೆ. ಹಪ್ಪಳ ಪಕ್ಕಕ್ಕಿಡಿ. ಮೀನು ತಿನ್ನೋರಾದರೆ ಸಾರಿನ ಮೀನು, ಫ್ರೈ ಅಲ್ಲ. ದೋಸೆ ಬೇಕೇ ಬೇಕು ಅಂದರೆ ಆರ್ಡರ್ ಕೊಡುವಾಗಲೇ ‘ಅಣ್ಣ, ಒಂದು ಖಾಲಿ, ಎಣ್ಣೆ ಕಮ್ಮಿ’ ಅಂದುಬಿಡಿ. ಯಾರೂ ಬೈಯೋಲ್ಲ. ಭಟ್ಟರ ಕೈಯಲ್ಲಿರೋ ಸೌಟು ಒಂದು ಸಲ ಕಡಿಮೆ ಬಗ್ಗುತ್ತೆ ಅಷ್ಟೇ. 2000 ಕ್ಯಾಲೊರಿಯ ದಿನಕ್ಕೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳೋ ಎಣ್ಣೆ-ತುಪ್ಪ ಸುಮಾರು 27 ಗ್ರಾಂ, ಅಂದರೆ ಆರು ಟೀ ಚಮಚ. ಒಗ್ಗರಣೆ, ಪಲ್ಯ, ಚಿತ್ರಾನ್ನ ಎಲ್ಲ ಸೇರಿ ಅಷ್ಟು. ಎಣ್ಣೆ ಯಾವುದೇ ಇರಲಿ, ಒಂದು ಗ್ರಾಂಗೆ 9 ಕ್ಯಾಲೊರಿ.

ನೀವು ಕೇಳದೇ ಇದ್ದ ಒಂದು ವಿಷಯ ಹೇಳಲೇಬೇಕು, ಕಾಫಿ. ಕಾಫಿ ಬೀಜದಲ್ಲೂ ಎಣ್ಣೆ ಇದೆ, ಅದರಲ್ಲಿ ಕೆಫೆಸ್ಟಾಲ್ ಅನ್ನೋ ಪದಾರ್ಥವಿದೆ. ಕೊಲೆಸ್ಟ್ರಾಲ್ ಇಲ್ಲದ ಕಾಫಿ ರಕ್ತದ ಕೊಲೆಸ್ಟ್ರಾಲ್ ಏರಿಸಬಲ್ಲದು, ಅದು ಇದರಿಂದಲೇ. ನಾರ್ವೆ, ಫಿನ್ಲೆಂಡ್ ಕಡೆ ಪುಡಿ ಕುದಿಸಿ, ಸೋಸದೆ ಕುಡಿಯೋ ಅಭ್ಯಾಸವಿತ್ತು. ಹಾಗೆ ಕುಡಿಯೋರಲ್ಲಿ ಕೊಲೆಸ್ಟ್ರಾಲ್ ಜಾಸ್ತಿ ಇರೋದು 1980ರ ದಶಕದಲ್ಲಿ ಗಮನಕ್ಕೆ ಬಂತು. ಪೇಪರ್ ಫಿಲ್ಟರ್ ಕೆಫೆಸ್ಟಾಲನ್ನು ಹೆಚ್ಚೂಕಡಿಮೆ ಪೂರ್ತಿ ಹಿಡಿದುಕೊಳ್ಳುತ್ತೆ, ಇನ್‌ಸ್ಟಂಟ್‌ನಲ್ಲಿ ಅದು ನಾಮಮಾತ್ರ. ಬಟ್ಟೆಯಲ್ಲಿ ಸೋಸಿದರೂ ಬಹಳಷ್ಟು ನಿಲ್ಲುತ್ತೆ. ತಳದಲ್ಲಿ ಗಸಿ ಬಿಟ್ಟು ಮೇಲಿನದನ್ನು ಬಗ್ಗಿಸಿಕೊಳ್ಳೋ ಕುದಿಸಿದ ಕಾಫಿಯೇ ತೊಂದರೆ. ದಿನಕ್ಕೆ ಒಂದೆರಡು ಲೋಟಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ತೋಟದ ಮನೆಗಳಿಗೆ ಹೋದಾಗೆಲ್ಲ ಅಂಥದ್ದೇ ಐದಾರು ಲೋಟ ಇಳಿಸೋರಾದರೆ ಲೋಟ ಕಡಿಮೆ ಮಾಡಿ, ಇಲ್ಲವೇ ಸೋಸಿ ಕೊಡಿ ಅನ್ನಿ.